ಅಮ್ಮನ ಎಕೋ

ಇವತ್ತು ಅಮ್ಮನಿಗೆ ಎಕೋ, ಅಂದರೆ ಶಬ್ದದ ಅಲೆಗಳಿಂದ ಹೃದಯ ನೋಡುವ ಪರೀಕ್ಷೆ, ಮಾಡಿಸಲು ಮಂಡ್ಯದಿಂದ ಮೈಸೂರಿಗೆ ಬಂದಿದ್ದೆವು. ಜೆಲ್ ಹಚ್ಚಿದ ಕೂಡಲೇ "ಅಯ್ಯೋ, ತಣ್ಣಗಿದೆ ಕಣಪ್ಪ" ಅಂದರು. ಪರದೆಯಲ್ಲಿ ಬೂದು ಚುಕ್ಕಿಗಳ ನಡುವೆ ಕವಾಟ ತೆರೆದು ಮುಚ್ಚುತ್ತಿತ್ತು. ನಾನು ಕಣ್ಣು ಕೀಳಲಿಲ್ಲ.

ನನ್ನ ಕೆಲಸವೇ ಇದು. ಕಂಪ್ಯೂಟರ್‌ಗೆ ಎಕೋ ವಿಡಿಯೊ ಸೃಷ್ಟಿಸಲು ಕಲಿಸುವುದು. ಅದಕ್ಕೆ ಬಳಸುವ ಡಿಫ್ಯೂಷನ್ ಮಾಡೆಲ್ ಎಂಬ ಎಐ ಬರೀ ಚೆಲ್ಲಾಪಿಲ್ಲಿ ಚುಕ್ಕಿಗಳಿಂದ ಶುರು ಮಾಡುತ್ತದೆ. ಹಂತ ಹಂತವಾಗಿ ತಿಳಿಯಾಗಿಸುತ್ತಾ ಮಿಡಿಯುವ ಹೃದಯ ಮೂಡಿಸುತ್ತದೆ. ಬಡಿತಕ್ಕೆ ಎಡ ಕೋಣೆಯ ರಕ್ತದಲ್ಲಿ ಶೇ. 30ರಷ್ಟೇ ಹೊರಹೋಗುವ ದುರ್ಬಲ ಹೃದಯ ಬೇಕೆಂದರೆ, ಅದನ್ನೂ ಮಾಡಿಸಬಹುದು. ಅಂಥ ನಿಜವಾದ ವಿಡಿಯೊಗಳು ಸಿಗುವುದೇ ಕಡಿಮೆ, ಅದಕ್ಕೇ ಸೃಷ್ಟಿಸುವುದು. ರೋಗಿಯ ಗುಟ್ಟೂ ಉಳಿಯಬೇಕಲ್ವಾ.

ಕಷ್ಟವೆಲ್ಲ ಅಮ್ಮನ ಎಕೋ ಪರದೆಯಲ್ಲಿ ಕಂಡಂಥ ಬೂದು ಚುಕ್ಕಿಗಳದ್ದು. ಅವು ಸುಮ್ನೆ ಬಂದ ಕೊಳೆಯಲ್ಲ. ಶಬ್ದದ ಅಲೆಗಳು ಮಾಂಸದೊಳಗಿನ ತೀರಾ ಸಣ್ಣ ರಚನೆಗಳಿಗೆ ತಾಗಿ, ಮರಳುವಾಗ ಒಂದಕ್ಕೊಂದು ಬೆರೆತು ಮೂಡುವ ಗುರುತು. ಸ್ನಾಯು ಸರಿದರೆ ಅವೂ ಜೊತೆಗೇ ಸರಿಯಬೇಕು. ನಮ್ಮ ಮಾಡೆಲ್ ಎಡವುವುದು ಇಲ್ಲೇ. ಒಂದೊಂದೇ ಚಿತ್ರ ನೋಡಿದರೆ ನಿಜದಂತೆಯೇ ಇರುತ್ತದೆ. ಓಡಿಸಿದರೆ ಚುಕ್ಕಿಗಳು ಸುಮ್ಮಸುಮ್ಮನೆ ಮಿನುಗುತ್ತವೆ.

ಸ್ಟ್ಯಾನ್‌ಫರ್ಡ್‌ನವರು ಸಂಶೋಧಕರಿಗೆಂದು ಬಿಟ್ಟುಕೊಟ್ಟ ಎಕೋನೆಟ್-ಡೈನಾಮಿಕ್ ಸಂಗ್ರಹದಲ್ಲಿ 10,030 ವಿಡಿಯೊಗಳಿವೆ. ಇಷ್ಟು ದಿನ ಅವನ್ನು ಫೈಲ್‌ಗಳೆಂದೇ ನೋಡಿದ್ದೆ. ಇವತ್ತು ಅನ್ನಿಸಿತು, ಒಂದೊಂದರ ಹಿಂದೆಯೂ ಯಾರೋ ಹೀಗೇ ಎಡಮಗ್ಗುಲಿಗೆ ಮಲಗಿದ್ದರು. ಪಕ್ಕದಲ್ಲಿ ಯಾರೋ ಕಾದಿದ್ದರು.

ಅಮ್ಮನ ರಿಪೋರ್ಟ್ ಚೆನ್ನಾಗಿದೆ. ಜೆಲ್ ಒರೆಸಿಕೊಂಡು ಅವರು ಕೇಳಿದ್ದು ಒಂದೇ: "ಕಾಫಿ ಕುಡಿಯೋಣ್ವಾ?"