ಹುಬ್ಬು ಏರಿಸಿದರೆ ಹೌದು

ಕೆನಡಾದ ಉತ್ತರದ ಊರು ಇಕಲುಯಿಟ್‌ಗೆ ಬಂದ ಹೊಸದರಲ್ಲಿ ಅಂಗಡಿ ಹುಡುಗನನ್ನು 'ಹಾಲು ಇದೆಯಾ?' ಅಂತ ಮೂರು ಸಲ ಕೇಳಿದ್ದೆ. ಅವನು ಮೂರು ಸಲವೂ ಉತ್ತರ ಕೊಟ್ಟಿದ್ದ, ನನಗೇ ತಿಳಿದಿರಲಿಲ್ಲ. ಇಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನ ಹುಬ್ಬು ಏರಿಸಿದರೆ ಹೌದು, ಮೂಗು ಮುರಿದರೆ ಇಲ್ಲ. ನಮ್ಮಲ್ಲಾದರೆ ಮೂಗು ಮುರಿಯುವುದು ತಾತ್ಸಾರ, ಇಲ್ಲಿ ಬರೀ 'ಇಲ್ಲ'.

ಇದು ಕೆನಡಾದ ನುನಾವುಟ್ ಪ್ರದೇಶ. 25 ಊರುಗಳು, ಊರಿಂದೂರಿಗೆ ರಸ್ತೆಯಿಲ್ಲ, ವಿಮಾನವೇ ಬಸ್ಸು. ಇನುಯಿಟ್ ನಾಡುಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಕೆನಡಾದ ಸರಾಸರಿಗಿಂತ 5ರಿಂದ 25 ಪಟ್ಟು ಜಾಸ್ತಿ. 2015ರಲ್ಲಿ ಇಲ್ಲಿನ ಸರ್ಕಾರವೇ ಇದನ್ನು ಬಿಕ್ಕಟ್ಟು ಅಂತ ಸಾರಿತು. ಚಳಿ, ಕತ್ತಲೆಯೇ ಕಾರಣ ಅಂತ ನಮ್ಮೂರಿನವರು ಫೋನಲ್ಲಿ ಹೇಳುತ್ತಾರೆ. ಆ ಕತ್ತಲೆ ಸಾವಿರಾರು ವರ್ಷದಿಂದ ಇದೆಯಲ್ವಾ? ಅಲೆದಾಡುತ್ತಿದ್ದವರನ್ನು ಒಂದೆಡೆ ಕೂರಿಸಿ, ಮಕ್ಕಳನ್ನು ಮನೆಯಿಂದ ದೂರದ ಶಾಲೆಗಳಿಗೆ ಒಯ್ದು ನುಡಿ ಮರೆಸಿದ ಮೇಲಿನ ಗಾಯ ಇದು.

ಈಗ ಇಂಥ ಕಡೆ ಎಐ ನೆರವಾಗುತ್ತದೆ ಅನ್ನುವ ಮಾತು ಜೋರು. ದೇಶಕ್ಕೆಲ್ಲ 2023ರಿಂದ ಆತ್ಮಹತ್ಯೆ ತಡೆಯಲೆಂದು 988 ಸಹಾಯವಾಣಿ ಇದೆ, ಇಂಗ್ಲಿಷ್, ಫ್ರೆಂಚ್‌ನಲ್ಲಿ. (ನಮ್ಮಲ್ಲಿ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಗುರುತು ಹಾಕಿಕೊಳ್ಳಿ.) ಹಾಗಾದರೆ ಇನುಯಿಟರ ಭಾಷೆ ಇನುಕ್ಟಿಟುಟ್‌ಗೆ ಯಂತ್ರವೇ ಅನುವಾದ ಮಾಡಲಿ ಅನ್ನಬಹುದು. 2021ರಲ್ಲಿ ಮೈಕ್ರೋಸಾಫ್ಟ್ ಅನುವಾದಕ್ಕೆ ಈ ಭಾಷೆ ಸೇರಿತು. ಆದರೆ 'ತುಸಾತ್ಸಿಯರುನ್ನಂಙಿತ್ತುಆಲೂಯುಂಗಾ' ಅನ್ನುವುದು ಒಂದೇ ಪದ. ಅರ್ಥ: 'ನನಗೆ ಸರಿಯಾಗಿ ಕೇಳಿಸುವುದಿಲ್ಲ'. ನಮ್ಮ 'ಬರಬೇಕಾಗಿತ್ತಂತೆ' ಇದರ ಮುಂದೆ ಕೂಸು. ಇನ್ನು, ಯಂತ್ರಕ್ಕೆ ಕಲಿಸಲು ಇರುವ ದೊಡ್ಡ ಕಣಜ ಯಾವುದು ಗೊತ್ತಾ? ನುನಾವುಟ್ ಶಾಸನಸಭೆಯ ನಡಾವಳಿ, ಇಂಗ್ಲಿಷ್ ಮತ್ತು ಇನುಕ್ಟಿಟುಟ್ ಎರಡರಲ್ಲೂ ಇರುವ ಸುಮಾರು 13 ಲಕ್ಷ ವಾಕ್ಯಜೋಡಿ. ಬಜೆಟ್ಟಿನ ಭಾಷೆ ಚೆನ್ನಾಗಿ ಬರಬಹುದು. ರಾತ್ರಿ ಎರಡಕ್ಕೆ ಹದಿನಾರರ ಹುಡುಗ ತಡವರಿಸುವ ಭಾಷೆ ಅಲ್ಲಿ ಎಲ್ಲಿಂದ ಬರಬೇಕು?

ಮಾಹಿತಿಯ ಗುಟ್ಟೂ ಒಂದು ತಲೆನೋವು. ಊರಲ್ಲಿ ಇರುವುದೇ ಸಾವಿರ ಜನ ಅಂದರೆ ಹೆಸರು ತೆಗೆದರೂ ಯಾರು ಅಂತ ಎಲ್ಲರಿಗೂ ಗೊತ್ತು. ಇನುಯಿಟ್ ಮಾಹಿತಿ ಇನುಯಿಟರ ಕೈಯಲ್ಲೇ ಇರಲಿ ಅಂತ ಅವರ ಸಂಘಟನೆ 2018ರಲ್ಲೇ ಹೇಳಿದೆ. ನನಗೂ ಅದೇ ಸರಿ ಅನ್ನಿಸುತ್ತದೆ. ಇಲ್ಲಿ ಕಮತ್ಸಿಯಕ್ತುಟ್ ಅನ್ನುವ ಸಹಾಯವಾಣಿಯನ್ನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸ್ವಯಂಸೇವಕರು ನಡೆಸಿಕೊಂಡು ಬಂದಿದ್ದಾರೆ. ಅಂಥವರಿಗೆ ಯಂತ್ರ ಟಿಪ್ಪಣಿ ಬರೆದುಕೊಡಲಿ, ಪಾಳಿ ಹೊಂದಿಸಿಕೊಡಲಿ.

ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ: "ರಾತ್ರಿ ಫೋನ್ ಮಾಡಿದರೆ ಯಂತ್ರ ನಿಮ್ಮ ಭಾಷೆಯಲ್ಲೇ ಮಾತಾಡಿದರೆ ಆಗುತ್ತಾ?"

ಮೂಗು ಮುರಿದರು.

"ಫೋನ್ ಎತ್ತುವ ನಿಮ್ಮವರಿಗೆ ಅದು ಪಕ್ಕದಲ್ಲಿ ಕೂತು ನೆರವಾದರೆ?"

ಹುಬ್ಬು ಚೂರು ಏರಿತು. ಬಿಸಿ ಚಹಾ ನಾಲಿಗೆ ಸುಟ್ಟು ಏರಿತೋ ಏನೋ, ನಾನು ಇನ್ನೊಮ್ಮೆ ಕೇಳಲಿಲ್ಲ.