ಚಂದ್ರ ಬೇರೆ, ಬೆಳದಿಂಗಳು ಬೇರೆ

ನಮ್ಮೂರ ಕೆರೆ ಏರಿಯ ಮೇಲೆ ನಿಂತು ತೆಗೆದ ಮೊದಲ ಬೆಳದಿಂಗಳ ಚಿತ್ರವನ್ನು ತೋರಿಸಿದಾಗ ಅಮ್ಮ ಕನ್ನಡಕ ಸರಿಪಡಿಸಿಕೊಂಡು ನೋಡಿ, "ಮಧ್ಯಾಹ್ನ ತೆಗೆದಿದ್ದೇನೋ ಇದು? ಮತ್ತೆ ಆಕಾಶದಲ್ಲಿ ಚುಕ್ಕಿ ಯಾಕಿವೆ?" ಎಂದು ಕೇಳಿದರು. ನಾನು ಅರ್ಧ ನಿಮಿಷ ಶಟರ್ ತೆರೆದಿಟ್ಟು, ನೀಲಿ ಆಕಾಶ, ಹಸಿರು ತೆಂಗಿನಮರ, ಕೆಂಪು ಮಣ್ಣಿನ ದಾರಿ ಎಲ್ಲವೂ ಸ್ಪಷ್ಟವಾಗಿ ಮೂಡಿದ್ದನ್ನು ಕಂಡು ಹಿಗ್ಗಿದ್ದೆ. ಅವರ ಪ್ರಶ್ನೆ ಆ ಹಿಗ್ಗನ್ನು ಇಳಿಸಿತು. ಅದಕ್ಕೂ ಹಿಂದಿನ ಹುಣ್ಣಿಮೆಯಂದು ಆದದ್ದು ಇದಕ್ಕೆ ತದ್ವಿರುದ್ಧ: ಚಂದ್ರನಿದ್ದ ಜಾಗದಲ್ಲಿ ಒಂದು ಬಿಳಿಯ ತೂತು, ಉಳಿದದ್ದೆಲ್ಲ ಕಾಡಿಗೆ ಬಳಿದಂಥ ಕಪ್ಪು. ಈ ಎರಡು ಸೋಲುಗಳ ನಡುವೆ ನಾನು ಕಲಿತದ್ದು ಮುಖ್ಯವಾಗಿ ಒಂದೇ ವಿಷಯ. ಚಂದ್ರನ ಚಿತ್ರ ತೆಗೆಯುವುದು ಒಂದು ಕೆಲಸ, ಬೆಳದಿಂಗಳ ಚಿತ್ರ ತೆಗೆಯುವುದು ಇನ್ನೊಂದು ಕೆಲಸ, ಮತ್ತು ಇವೆರಡನ್ನೂ ಒಂದೇ ಕ್ಲಿಕ್ಕಿನಲ್ಲಿ ಮುಗಿಸಲು ಹೊರಟವನಿಗೆ ಕ್ಯಾಮೆರಾ ಎಷ್ಟೇ ದುಬಾರಿಯದಾದರೂ ಒದಗಿಬರುವುದಿಲ್ಲ.

ಚಂದ್ರನೆಂದರೆ ಹಗಲಿನ ಬಿಸಿಲು ಬಿದ್ದಿರುವ ಬಂಡೆ ಎಂಬುದನ್ನು ನಾವು ಮರೆಯುತ್ತೇವೆ. ನಮ್ಮ ಸುತ್ತ ಕತ್ತಲಿದ್ದರೂ ಅಲ್ಲಿರುವುದು ಬಿಸಿಲೇ. ಆದ್ದರಿಂದ ಪೂರ್ಣಚಂದ್ರನ ಬಿಂಬಕ್ಕೆ ಬೇಕಾದ ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳಬೇಕಾದ ಬೆಳಕಿನ ಪ್ರಮಾಣ, ಹಗಲಿನದಕ್ಕೆ ಹತ್ತಿರವಾಗಿರುತ್ತದೆ: ಅಪರ್ಚರ್ (ಲೆನ್ಸಿನ ಕಂಡಿಯ ಅಳತೆ) ಎಫ್ 11, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 200, ಶಟರ್ ಸೆಕೆಂಡಿನ 1/200 ಭಾಗ. ಆದರೆ ಅದೇ ಚಂದ್ರ ನೆಲದ ಮೇಲೆ ಚೆಲ್ಲುವ ಬೆಳಕು ಬಿಸಿಲಿನ ಸುಮಾರು ನಾಲ್ಕು ಲಕ್ಷದಲ್ಲಿ ಒಂದು ಪಾಲು ಮಾತ್ರ. ಬಿಂಬಕ್ಕೂ ನೆಲಕ್ಕೂ ನಡುವೆ ಹದಿನೇಳು ಸ್ಟಾಪುಗಳಷ್ಟು (ಒಂದೊಂದು ಸ್ಟಾಪಿಗೂ ಬೆಳಕು ಎರಡರಷ್ಟು) ಅಂತರವಿದ್ದು, ಅಷ್ಟನ್ನು ಒಂದೇ ಬಾರಿಗೆ ಹಿಡಿಯುವ ಸೆನ್ಸರ್ ನಮ್ಮ ಕೈಯಲ್ಲಿರುವ ಕ್ಯಾಮೆರಾಗಳಲ್ಲಿಲ್ಲ. ನನ್ನ ಬಿಳಿಯ ತೂತಿನ ಕಥೆ ಇಷ್ಟೇ. ಸಾಲದ್ದಕ್ಕೆ ಚಂದ್ರ ನಮ್ಮ ಮನಸ್ಸಿನಲ್ಲಿರುವಷ್ಟು ದೊಡ್ಡವನೂ ಅಲ್ಲ. 200 ಮಿಲಿಮೀಟರಿನ ಲೆನ್ಸ್ ಹಾಕಿದರೂ ಸೆನ್ಸರಿನ ಮೇಲೆ ಅವನ ಬಿಂಬದ ಅಡ್ಡಳತೆ ಎರಡು ಮಿಲಿಮೀಟರನ್ನು ಮುಟ್ಟುವುದಿಲ್ಲ.

ಚಂದ್ರನೂ ನೆಲವೂ ಒಂದೇ ಚೌಕಟ್ಟಿನಲ್ಲಿ ಬೇಕೆಂದರೆ ಹೊಸ ಲೆನ್ಸ್ ಕೊಳ್ಳುವ ಮೊದಲು ಗೋಡೆಯ ಪಂಚಾಂಗವನ್ನು ನೋಡಬೇಕು. ಹುಣ್ಣಿಮೆಯ ದಿನ ಚಂದ್ರ ಹುಟ್ಟುವುದು ಹೆಚ್ಚುಕಡಿಮೆ ಸೂರ್ಯ ಮುಳುಗುವ ಹೊತ್ತಿಗೆ. ಅವನು ದಿಗಂತದ ಮಬ್ಬನ್ನು ದಾಟಿ ಮೇಲೆ ಬರುವಷ್ಟರಲ್ಲಿ ನೆಲ ಕತ್ತಲಾಗಿರುತ್ತದೆ. ದಿನದಿಂದ ದಿನಕ್ಕೆ ಚಂದ್ರೋದಯ ಸರಾಸರಿ ಐವತ್ತು ನಿಮಿಷ ತಡವಾಗುವುದರಿಂದ, ಹಿಂದಿನ ದಿನವಾದ ಚತುರ್ದಶಿಯಂದು ಅವನು ಸೂರ್ಯ ಇರುವಾಗಲೇ ಪೂರ್ವದಲ್ಲಿ ಕಾಣಿಸಿಕೊಳ್ಳುತ್ತಾನೆ. ಸೂರ್ಯಾಸ್ತದ ಆಸುಪಾಸಿನ ಆ ಹತ್ತು ಹದಿನೈದು ನಿಮಿಷ ನೆಲದ ಬೆಳಕೂ ಬಿಂಬದ ಬೆಳಕೂ ಒಂದಕ್ಕೊಂದು ಎಟುಕುವಷ್ಟು ಹತ್ತಿರ ಇರುತ್ತವೆ. ನೋಡುವವರಿಗೆ ಹದಿನಾಲ್ಕನೆಯ ದಿನದ ಚಂದ್ರನಿಗೂ ಹದಿನೈದನೆಯ ದಿನದವನಿಗೂ ವ್ಯತ್ಯಾಸ ತಿಳಿಯುವುದಿಲ್ಲ. ತಿಥಿ ನಡುಹಗಲಿನಲ್ಲಿ ಬದಲಾಗುವುದೂ ಉಂಟಾದ್ದರಿಂದ, ತಿಥಿಯ ಹೆಸರಿಗಿಂತ ಚಂದ್ರೋದಯದ ಗಂಟೆಯನ್ನೇ ನಂಬುವುದು ಒಳ್ಳೆಯದು. ಬೆಳಗಿನ ಜಾವ ಏಳಬಲ್ಲವರಿಗೆ ಹುಣ್ಣಿಮೆಯ ಮರುದಿನ ಇದೇ ಆಟ ಪಶ್ಚಿಮದಲ್ಲಿ ನಡೆಯುತ್ತದೆ, ನಾನು ಏಳುವವನಲ್ಲ.

ಪಂಚಾಂಗದ ವಿಷಯದಲ್ಲಿಯೇ ಇನ್ನೊಂದು ತಪ್ಪು ಲೆಕ್ಕವನ್ನು ಹೇಳಬೇಕು. ಅಷ್ಟಮಿಯ ಅರ್ಧಚಂದ್ರ ಹುಣ್ಣಿಮೆಯ ಅರ್ಧದಷ್ಟು ಬೆಳಕು ಕೊಡುತ್ತಾನೆಂದು ಭಾವಿಸಿ, ಶಟರ್ ಸಮಯವನ್ನು ಎರಡರಷ್ಟು ಮಾಡಿ ಒಂದು ಇಡೀ ಸಂಜೆಯನ್ನು ಕಳೆದುಕೊಂಡಿದ್ದೇನೆ. ವಾಸ್ತವದಲ್ಲಿ ಅರ್ಧಚಂದ್ರನ ಬೆಳಕು ಪೂರ್ಣಚಂದ್ರನ ಸುಮಾರು ಹತ್ತನೆಯ ಒಂದು ಪಾಲು. ಓರೆಯಾಗಿ ಬಿಸಿಲು ಬಿದ್ದಾಗ ಅಲ್ಲಿನ ಹಳ್ಳದಿಣ್ಣೆಗಳ ನೆರಳು ಬೆಳಕನ್ನು ನುಂಗುತ್ತದೆ. ಹುಣ್ಣಿಮೆಯಂದು ಬಿಸಿಲು ನಮ್ಮ ಬೆನ್ನ ಕಡೆಯಿಂದ ನೇರವಾಗಿ ಬೀಳುವುದರಿಂದ ಆ ನೆರಳು ನಮಗೆ ಕಾಣುವುದಿಲ್ಲ.

ಚಂದ್ರನನ್ನು ಚೌಕಟ್ಟಿನಿಂದ ಹೊರಗಿಟ್ಟು ಬೆಳದಿಂಗಳನ್ನಷ್ಟೇ ಹಿಡಿಯುವುದು ನನಗೆ ಈಗ ಹೆಚ್ಚು ಪ್ರಿಯವಾದ ಕೆಲಸ. ತಿಳಿಯಾದ ಹುಣ್ಣಿಮೆಯಲ್ಲಿ ಎಫ್ 4, ಐಎಸ್‌ಒ 800, ಹತ್ತರಿಂದ ಹದಿನಾರು ಸೆಕೆಂಡು ಎಂದು ಆರಂಭಿಸಿದರೆ ಹೆಚ್ಚು ತಪ್ಪಾಗದು. ಚೌಕಟ್ಟನ್ನು ಹೊಂದಿಸುವಾಗ ಪ್ರತಿ ಸಲವೂ ಹದಿನಾರು ಸೆಕೆಂಡು ಕಾಯುವ ಬದಲು ಐಎಸ್‌ಒವನ್ನು 12800ಕ್ಕೆ ಏರಿಸಿ ಒಂದು ಸೆಕೆಂಡಿನ ಪರೀಕ್ಷಾ ಚಿತ್ರ ತೆಗೆದುಕೊಳ್ಳಬಹುದು. ಬೆಳಕಿನ ಲೆಕ್ಕ ಒಂದೇ, ಚಿತ್ರ ಕಾಳುಕಾಳಾಗಿ ಕಾಣುವುದಷ್ಟೇ ವ್ಯತ್ಯಾಸ. ನಕ್ಷತ್ರಗಳು ಗೆರೆಗಳಾಗಬಾರದೆಂದರೆ 500ನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ ಬಂದಷ್ಟು ಸೆಕೆಂಡುಗಳೊಳಗೆ ಮುಗಿಸಬೇಕೆಂಬ ವಾಡಿಕೆಯ ಲೆಕ್ಕವಿದೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 24 ಮಿಲಿಮೀಟರಿಗೆ ಅದು ಇಪ್ಪತ್ತು ಸೆಕೆಂಡು, ಚಿಕ್ಕ ಸೆನ್ಸರಿನಲ್ಲಿ ಹದಿಮೂರರ ಆಸುಪಾಸು. ಹೊಸ ಕ್ಯಾಮೆರಾಗಳಲ್ಲಿ ಅದೂ ಹೆಚ್ಚೇ ಆಗುತ್ತದೆ. ಚಂದ್ರ ನೆತ್ತಿಯ ಮೇಲೆ ಬಂದ ಮೇಲೆ, ಅದರಲ್ಲೂ ಚಳಿಗಾಲದ ನಡುರಾತ್ರಿಯಲ್ಲಿ, ಮರಗಳ ನೆರಳು ಬುಡಕ್ಕೇ ಸೇರಿಕೊಂಡು ಚಿತ್ರ ಚಪ್ಪಟೆಯಾಗುತ್ತದೆ. ಹುಟ್ಟಿದ ಎರಡು ಮೂರು ಗಂಟೆಗಳೊಳಗೆ ಕೆಲಸ ಮುಗಿಸಿದರೆ ನೆರಳಿಗೆ ಉದ್ದವೂ ಕಲ್ಲಿಗೆ ಮೈಯೂ ಬರುತ್ತವೆ.

ಫೋಕಸ್ ತಪ್ಪಿ ಹಾಳಾದ ಚಿತ್ರಗಳು ನನ್ನಲ್ಲಿ ಕೈ ಅಲುಗಿ ಹಾಳಾದವುಗಳಿಗಿಂತ ಹೆಚ್ಚು. ಕತ್ತಲಲ್ಲಿ ಆಟೋಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ; ಲೆನ್ಸಿನ ಮೇಲಿನ ಅನಂತದ ಗುರುತೂ ಸದಾ ನಂಬಿಕೆಗೆ ತಕ್ಕುದಲ್ಲ. ಕೆರೆಯ ಆಚೆ ದಡದ ಪಂಪ್‌ಹೌಸಿನಲ್ಲಿ ಉರಿಯುವ ಒಂದೇ ಒಂದು ಬಲ್ಬನ್ನು ಪರದೆಯ ಮೇಲೆ ಹತ್ತು ಪಟ್ಟು ದೊಡ್ಡದು ಮಾಡಿಕೊಂಡು, ಅದು ಅತ್ಯಂತ ಚಿಕ್ಕ ಚುಕ್ಕೆಯಾಗುವವರೆಗೆ ಕೈಯಿಂದಲೇ ರಿಂಗ್ ತಿರುಗಿಸಿ, ಆಮೇಲೆ ಅದು ಅಲುಗದಂತೆ ಟೇಪ್ ಅಂಟಿಸುತ್ತೇನೆ. ಟೇಪ್ ಮರೆತ ದಿನ ಚೀಲದಿಂದ ತೆಗೆಯುವಾಗ ರಿಂಗ್ ತಿರುಗಿದ್ದು ತಿಳಿಯದೆ ಇಡೀ ರಾತ್ರಿಯ ಚಿತ್ರಗಳೆಲ್ಲ ಮಂಜಾದವು. ಬಲ್ಬು ಉರಿಯುವುದು ತ್ರೀ ಫೇಸ್ ಕರೆಂಟ್ ಇರುವಾಗ ಮಾತ್ರ ಎಂಬುದೂ ನಮ್ಮ ಕಡೆಯ ಫೋಟೊಗ್ರಫಿಯ ಒಂದು ಅಂಗ. ಟ್ರೈಪಾಡಿನ ಮೇಲಿರುವಾಗ ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಆಫ್ ಮಾಡಿ, ಎರಡು ಸೆಕೆಂಡಿನ ಟೈಮರ್ ಇಡುವುದು, ಧನುರ್ಮಾಸದ ಇಬ್ಬನಿಗೆ ಲೆನ್ಸ್ ಮಸುಕಾಗುತ್ತದೆಯೇ ಎಂದು ಆಗಾಗ ನೋಡುವುದು, ಇವು ಎಲ್ಲರಿಗೂ ತಿಳಿದ ಸಂಗತಿಗಳು. ಮೊಬೈಲಿನ ನೈಟ್ ಮೋಡ್ ಹಲವು ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ ಕೆಲಸ ಮಾಡುವುದರಿಂದ ಅದನ್ನೂ ಕಲ್ಲಿಗೆ ಒರಗಿಸಿ ಅಲುಗದಂತೆ ಇಡಬೇಕು.

ಅಮ್ಮನ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಮಾತ್ರ ನನಗೆ ಬಹಳ ದಿನ ಬೇಕಾಯಿತು. ಬೆಳದಿಂಗಳು ನೀಲಿಯಲ್ಲ, ಅದು ಬಿಸಿಲಿಗಿಂತ ತುಸು ಹಳದಿಯ ಕಡೆಗೇ ಇರುವ ಬೆಳಕು. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣವನ್ನು ಬಿಟ್ಟುಕೊಟ್ಟು, ಕೆಂಪಿಗೆ ಕುರುಡಾಗಿ, ನೀಲಿ ಹಸಿರಿನ ಕಡೆಗೆ ಹೆಚ್ಚು ಚುರುಕಾಗುವುದರಿಂದ ಬೆಳದಿಂಗಳು ನಮಗೆ ತಣ್ಣಗೆ ಕಾಣುತ್ತದೆ. ಜೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರಿನಲ್ಲಿ ಕರೆಯುವ ಈ ಪರಿಣಾಮ ಸೆನ್ಸರಿಗೆ ತಿಳಿಯದು. ಸಾಕಷ್ಟು ಹೊತ್ತು ತೆರೆದಿಟ್ಟರೆ ಅದು ಹಗಲನ್ನೇ ಕೊಡುತ್ತದೆ. ಹಾಗಾಗಿ ನಾನು ಈಗ ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಮೂಲರೂಪದಲ್ಲಿ, ತೆಗೆದು, ಚಿತ್ರ ತುಸು ನೀಲಿಯ ಕಡೆಗೆ ವಾಲುವಂತೆ ವೈಟ್ ಬ್ಯಾಲೆನ್ಸನ್ನು 4000 ಕೆಲ್ವಿನ್ ಸುತ್ತ ಇಳಿಸಿ, ಬಣ್ಣದ ಗಾಢತೆಯನ್ನು ತಗ್ಗಿಸಿ, ಕೊನೆಯಲ್ಲಿ ಚಿತ್ರವನ್ನು ಒಂದು ಒಂದೂವರೆ ಸ್ಟಾಪ್ ಕಪ್ಪಾಗಿಸುತ್ತೇನೆ. ತೆಗೆಯುವಾಗಲೇ ಕಪ್ಪಾಗಿ ತೆಗೆಯುವುದು ಬೇಡ. ನೆರಳಿನಲ್ಲಿ ಕಾಳುಕಾಳಾದ ನಾಯ್ಸ್ ಏಳುತ್ತದೆ. ಅರ್ಧ ಗಂಟೆ ಕತ್ತಲಿಗೆ ಒಗ್ಗಿದ ಕಣ್ಣಿಗೆ ಕ್ಯಾಮೆರಾದ ಪರದೆ ದೀಪದಂತೆ ಕಾಣುವುದರಿಂದ, ಪರದೆಯ ಚಿತ್ರವನ್ನು ನಂಬದೆ, ಚಿತ್ರದಲ್ಲಿನ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೊಗ್ರಾಮ್ ನೋಡಬೇಕು.

ಕಳೆದ ಕಾರ್ತಿಕದ ಹುಣ್ಣಿಮೆಯಂದು ತೂಬಿನ ಬಳಿಯ ಕಲ್ಲಿನ ಮೇಲೆ ಒಂದು ಹಣತೆ ಹಚ್ಚಿಟ್ಟು ನೋಡಿದೆ. ಒಂದು ಮೇಣದಬತ್ತಿಯಷ್ಟು ಜ್ವಾಲೆ ಒಂದು ಮೀಟರ್ ದೂರದಲ್ಲಿ ಸುಮಾರು ಒಂದು ಲಕ್ಸ್ ಬೆಳಕು ಕೊಡುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ನೆತ್ತಿಯ ಸಮೀಪದ ಪೂರ್ಣಚಂದ್ರ ನೆಲಕ್ಕೆ ಕೊಡುವುದೂ ಹೆಚ್ಚುಕಡಿಮೆ ಅದೇ ಕಾಲು ಲಕ್ಸ್. ಎಂದರೆ ಹಣತೆಯಿಂದ ಎರಡು ಮೀಟರಿನಾಚೆ ಚಂದ್ರನದೇ ರಾಜ್ಯ, ಈಚೆ ಹಣತೆಯದು. ಈ ಗಡಿಯ ಮೇಲೆ ಅಣ್ಣನ ಮಗಳನ್ನು ಕೂರಿಸಿ, ಹತ್ತು ಸೆಕೆಂಡು ಅಲುಗಬಾರದೆಂದು ಹೇಳಿದೆ. "ಚಿಕ್ಕಪ್ಪ, ಎಣಿಸಲಾ?" ಎಂದು ಕೇಳಿ ಅವಳು ಗಟ್ಟಿಯಾಗಿ ಒಂದು, ಎರಡು ಎಂದು ಎಣಿಸತೊಡಗಿದಳು, ಆರಕ್ಕೆ ಸೊಳ್ಳೆ ಕಚ್ಚಿತು. ಒಂದು ಕೆನ್ನೆಗೆ ಕೇಸರಿ, ಇನ್ನೊಂದಕ್ಕೆ ತಿಳಿನೀಲಿ ಬಿದ್ದ ಮುಖ ಮಸುಕಾಗಿದೆ, ಕಲ್ಲಿಗೆ ಊರಿದ್ದ ಎಡಗೈಯ ಬಳೆಗಳು ಮಾತ್ರ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿವೆ. ಇನ್ನೊಮ್ಮೆ ತೆಗೆಯೋಣವೆಂದರೆ ಅವಳು ಒಪ್ಪಲಿಲ್ಲ. ಅಮ್ಮ ಆ ಚಿತ್ರವನ್ನು ನೋಡಿ, "ಎಷ್ಟು ಗಂಟೆಯಾಗಿತ್ತೋ? ಮಗುವಿಗೆ ಸ್ವೆಟರ್ ಹಾಕಬಾರದಿತ್ತಾ?" ಎಂದರು.