ಚಿಕ್ಕಮಗಳೂರಿನ ದಾರಿ, ಪಕ್ಷೇತರರ ಮಾತು

ಬೆಂಗಳೂರಿನಿಂದ ಹಾಸನಕ್ಕೆ ಹೋಗುವ ಹೆದ್ದಾರಿಯಲ್ಲಿ ಸ್ವಲ್ಪ ದೂರ ಮಂಡ್ಯ ಜಿಲ್ಲೆ ಅಡ್ಡ ಬರುತ್ತದೆ. ಕುಣಿಗಲ್, ಯಡಿಯೂರು ದಾಟಿ ಬೆಳ್ಳೂರು ಕ್ರಾಸ್ ಬಂತೆಂದರೆ ನಾಗಮಂಗಲ ತಾಲ್ಲೂಕು. ಹಿರೀಸಾವೆ ಹೊತ್ತಿಗೆ ಹಾಸನ ಜಿಲ್ಲೆ ಶುರು. ಸುಮ್ನೆ ಕಾರಲ್ಲಿ ಹೋಗುವವರಿಗೆ ಇದು ಗೊತ್ತೇ ಆಗುವುದಿಲ್ಲ. ನನ್ನ ಜೊತೆಗಿದ್ದ ಗೆಳೆಯನಿಗೆ ಮಾತ್ರ ಚುನಾವಣೆಯ ಹುಚ್ಚು. ಬೆಳ್ಳೂರು ಕ್ರಾಸಿನಲ್ಲಿ ಕಾಫಿಗೆ ನಿಲ್ಲಿಸಿದವನೇ, "ಈಗ ನಾವು ಸುಮಲತಾ ಗೆದ್ದ ಕ್ಷೇತ್ರದಲ್ಲಿದ್ದೀವಿ" ಅಂದ.

2019ರ ಮಂಡ್ಯ ಲೋಕಸಭಾ ಚುನಾವಣೆ ಯಾರಿಗೆ ನೆನಪಿಲ್ಲ? ನಟ ಅಂಬರೀಶ್ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಅವರ ಹೆಂಡತಿ, ನಟಿ ಸುಮಲತಾ ಪಕ್ಷೇತರರಾಗಿ ನಿಂತರು. ಎದುರಿಗೆ ಜೆಡಿಎಸ್‌ನಿಂದ ನಟ ನಿಖಿಲ್ ಕುಮಾರಸ್ವಾಮಿ. ನಮಗೆ ಮಜಾ ಅನ್ನಿಸಿದ್ದು ಬೇರೆ. ಮಂಡ್ಯದ ಆ ಜಗಳದಲ್ಲಿ ಎರಡೂ ಕಡೆ ಹಾಸನದ ನಂಟಿತ್ತು. ನಿಖಿಲ್ ತಾತ ದೇವೇಗೌಡರು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರು. ಸುಮಲತಾ ಪರ ದರ್ಶನ್ ಜೊತೆ 'ಜೋಡೆತ್ತು' ಅನ್ನಿಸಿಕೊಂಡು ಊರೂರು ಸುತ್ತಿದ ಯಶ್ ಹುಟ್ಟಿದ್ದು ಹಾಸನ ಜಿಲ್ಲೆಯಲ್ಲಿ.

ಚನ್ನರಾಯಪಟ್ಟಣ, ಶಾಂತಿಗ್ರಾಮ ದಾಟುವವರೆಗೂ ಇದೇ ಮಾತು. ಪಕ್ಷೇತರರಾಗಿ ನಿಲ್ಲುವುದು ಹೇಳಿದಷ್ಟು ಸುಲಭವಲ್ಲ. ಮಾನ್ಯತೆ ಇರುವ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ, ಅಂದರೆ ನಾಮಪತ್ರಕ್ಕೆ ಸಹಿ ಹಾಕುವ ಮತದಾರ, ಸಾಕು. ಪಕ್ಷೇತರರಿಗೆ ಹತ್ತು ಜನ ಬೇಕು. ಮತಯಂತ್ರದಲ್ಲಿ ಹೆಸರು ಪಕ್ಷದವರೆಲ್ಲ ಮುಗಿದ ಮೇಲೆ ಕೆಳಗೆಲ್ಲೋ ಬರುತ್ತದೆ. ಚಿಹ್ನೆ ಸಿಗುವುದು ನಾಮಪತ್ರ ವಾಪಸ್ ಪಡೆಯುವ ದಿನ ಮುಗಿದ ಮೇಲೆ. ಆಮೇಲೆ ಉಳಿಯುವ ಎರಡು ವಾರದಲ್ಲಿ ಅದನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಬೇಕು. ಸುಮಲತಾಗೆ ಸಿಕ್ಕಿದ್ದು ಕಹಳೆ ಊದುವ ರೈತ. ಸಾಲದ್ದಕ್ಕೆ ಅದೇ ಕ್ಷೇತ್ರದಲ್ಲಿ ಸುಮಲತಾ ಅನ್ನೋ ಹೆಸರಿನ ಬೇರೆ ಹೆಂಗಸರೂ ಕಣದಲ್ಲಿದ್ದರು! ಆದರೂ ಅವರು 1,25,876 ವೋಟಿನಿಂದ ಗೆದ್ದರು.

"ಅಭಿಮಾನ ಅಂದ್ರೆ ಇದು" ಅಂದ ಗೆಳೆಯ.

ನಾನು ಒಪ್ಪಲಿಲ್ಲ. ಬರೀ ಅಭಿಮಾನದಿಂದ ಗೆಲ್ಲುವ ಹಾಗಿದ್ದರೆ ಅದೇ ವರ್ಷ ಬೆಂಗಳೂರು ಸೆಂಟ್ರಲ್‌ನಲ್ಲಿ ಪ್ರಕಾಶ್ ರಾಜ್ ಯಾಕೆ ಸೋತರು? ಅವರೂ ಪಕ್ಷೇತರರೇ, ಅವರನ್ನು ಗುರುತಿಸದವರು ಯಾರೂ ಇಲ್ಲ. ಸೀಟಿ ಗುರುತಿನಲ್ಲಿ ನಿಂತು 30 ಸಾವಿರ ವೋಟೂ ದಾಟಲಿಲ್ಲ. ಠೇವಣಿ ಹೋಯಿತು. ಲೋಕಸಭೆಗೆ ಠೇವಣಿ 25 ಸಾವಿರ ರೂಪಾಯಿ. ಚಲಾವಣೆಯಾದ ವೋಟಿನಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಸಿಗದಿದ್ದರೆ ವಾಪಸ್ ಬರುವುದಿಲ್ಲ. ಮಂಡ್ಯದಲ್ಲಿ ಬಿಜೆಪಿ ಅಭ್ಯರ್ಥಿಯನ್ನೇ ಹಾಕದೆ ಸುಮಲತಾರನ್ನು ಬೆಂಬಲಿಸಿತ್ತು. ರೈತ ಸಂಘ ಜೊತೆಗಿತ್ತು. ಆಗಿನ ಕಾಂಗ್ರೆಸ್-ಜೆಡಿಎಸ್ ಮೈತ್ರಿಯಲ್ಲಿ ಸೀಟು ಜೆಡಿಎಸ್‌ಗೆ ಹೋಯಿತೆಂದು ಸಿಟ್ಟಾದ ಕಾಂಗ್ರೆಸ್ಸಿನವರೂ ಕೈ ಜೋಡಿಸಿದ್ದರು. ಪಕ್ಷೇತರರು ಅನ್ನೋದು ಕಾಗದದ ಮೇಲೆ. ನೆಲದ ಮೇಲೆ ಹಲವು ಪಕ್ಷದವರು.

ಹಾಸನದಲ್ಲಿ ನಿಲ್ಲಲಿಲ್ಲ. ಬೇಲೂರಿನಲ್ಲಿ ದೇವಸ್ಥಾನ ನೋಡಿದೆವು. ರಜಾ ದಿನವಾದ್ದರಿಂದ ಜನವೋ ಜನ. ಬೇಲೂರು ಬಿಟ್ಟ ಮೇಲೆ ರಸ್ತೆ ಮಲೆನಾಡಿನ ಕಡೆಗೆ ತಿರುಗುತ್ತದೆ, ಗಾಳಿಯೂ ಬದಲಾಗುತ್ತದೆ. ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಹಣ್ಣು ಕೊಯ್ಲಿನ ಕಾಲ. ಕಣಗಳಲ್ಲಿ ಕಾಫಿ ಹರಡಿತ್ತು.

ಚಿಕ್ಕಮಗಳೂರಿನ ಪೇಟೆಯಲ್ಲಿ ಎಲ್ಲರೂ ಐ.ಜಿ. ರೋಡ್ ಅನ್ನುತ್ತಾರೆ. ಅಂದರೆ ಇಂದಿರಾ ಗಾಂಧಿ ರಸ್ತೆ. ಈ ಊರಿಗೂ ಆ ಹೆಸರಿಗೂ ಇರುವ ನಂಟು 1978ರ ಉಪಚುನಾವಣೆಯದು. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತ ಇಂದಿರಾಗೆ ಡಿ.ಬಿ. ಚಂದ್ರೇಗೌಡರು ಇಲ್ಲಿನ ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲ, ಮಾಜಿ ಮುಖ್ಯಮಂತ್ರಿ. ಆದರೆ ಅದಕ್ಕೂ ಮೊದಲು ವಿರೋಧಿಗಳು ಬೆನ್ನು ಬಿದ್ದಿದ್ದು ರಾಜ್‌ಕುಮಾರ್ ಅವರಿಗೆ. ಇಂದಿರಾ ಎದುರು ಅವರೇ ನಿಲ್ಲಬೇಕು ಅಂತ. ರಾಜ್‌ಕುಮಾರ್ ಒಪ್ಪಲಿಲ್ಲ.

ಗೆಳೆಯನ ದೊಡ್ಡಪ್ಪನ ತೋಟ ಪೇಟೆಯಿಂದ ಸ್ವಲ್ಪ ದೂರ. ನಾನು ಬಂದದ್ದೇ ಅವರ ಬಾಯಿಂದ ಆ ಕಾಲದ ಕತೆ ಕೇಳಲು. ರಾತ್ರಿ ಕಡುಬು, ಕೋಳಿ ಸಾರು ಆದಮೇಲೆ ಅವರು ಜಗಲಿಯಲ್ಲಿ ಕೂತರು.

"ಇಂದಿರಮ್ಮ ಬರ್ತಾರೆ ಅಂದ್ರೆ ಹಣ್ಣು ಕೊಯ್ಯೋ ಹೆಣ್ಣಾಳುಗಳು ಬುಟ್ಟಿ ಬಿಟ್ಟು ರಸ್ತೆಗೆ ಓಡೋರು ಕಣಪ್ಪಾ. ನಮ್ಮಪ್ಪ ಬೈದ್ರೂ ಯಾರೂ ಕೇಳ್ತಿರಲಿಲ್ಲ."

"ರಾಜ್‌ಕುಮಾರ್ ನಿಂತಿದ್ರೆ, ದೊಡ್ಡಪ್ಪ?"

ಅವರು ಎಲೆ ಅಡಿಕೆ ಹಾಕಿಕೊಂಡು ಯೋಚನೆ ಮಾಡಿದರು. "ನಮ್ಮ ಮನೇಲೇ ಜಗಳ ಆಗ್ತಿತ್ತು. ನಾನು ಅಣ್ಣಾವ್ರಿಗೆ ಹಾಕ್ತಿದ್ದೆ. ನಮ್ಮಮ್ಮ ಅಣ್ಣಾವ್ರ ಒಂದು ಸಿನಿಮಾ ಬಿಟ್ಟೋರಲ್ಲ, ಆದ್ರೂ ಇಂದಿರಮ್ಮಂಗೇ ಹಾಕೋರು."

ಈ ಮಾತು ನನಗೆ ತುಂಬಾ ಹಿಡಿಸಿತು. ಕೊನೆಗೆ ಇಂದಿರಾ 77 ಸಾವಿರಕ್ಕೂ ಹೆಚ್ಚು ವೋಟಿನಿಂದ ಗೆದ್ದರು. ರಾಜ್‌ಕುಮಾರ್ ನಿಂತಿದ್ದರೆ ಅದು ಅವರ ಚುನಾವಣೆ ಆಗುತ್ತಿರಲಿಲ್ಲ. ದೆಹಲಿಯವರ ಜಗಳಕ್ಕೆ ಇಲ್ಲಿನ ಮುಖ, ಅಷ್ಟೇ. ಮುಂದೆ ಗೋಕಾಕ್ ಚಳವಳಿಯಲ್ಲಿ ಅವರು ಬೀದಿಗಿಳಿದಾಗ ಜನ ಹೇಗೆ ಬಂದರು ಅನ್ನೋದು ಎಲ್ಲರಿಗೂ ಗೊತ್ತು. ಆಗಲೂ ಅವರು ವೋಟು ಕೇಳಲಿಲ್ಲ.

ಗೆಳೆಯ ಬಿಡಬೇಕಲ್ಲ. ಅಮೆರಿಕದ ಗಾಯಕ ಕಾನ್ಯೆ ವೆಸ್ಟ್ ಕತೆ ತೆಗೆದ. 2020ರ ಜುಲೈ 4ರಂದು ಆತ ಟ್ವಿಟರ್‌ನಲ್ಲಿ ಅಧ್ಯಕ್ಷ ಚುನಾವಣೆಗೆ ನಿಲ್ಲುತ್ತೇನೆ ಅಂದ. ಚುನಾವಣೆ ನವೆಂಬರ್‌ನಲ್ಲೇ. ಅಲ್ಲಿ ಒಂದೊಂದು ರಾಜ್ಯಕ್ಕೂ ಬೇರೆ ನಿಯಮ, ಬೇರೆ ಗಡುವು. ಹಲವು ಕಡೆ ಗಡುವು ಆಗಲೇ ಮುಗಿದಿತ್ತು. 50 ರಾಜ್ಯಗಳಲ್ಲಿ ಮತಪತ್ರದ ಮೇಲೆ ಹೆಸರು ಬಂದಿದ್ದು 12ರಲ್ಲಿ. ಸಿಕ್ಕಿದ್ದು ಸುಮಾರು 70 ಸಾವಿರ ವೋಟು. "ನಮ್ಮ ಇಂದಿರಮ್ಮನ ಅಂತರಕ್ಕಿಂತ ಕಮ್ಮಿ" ಅಂದರು ದೊಡ್ಡಪ್ಪ. ಎಲ್ಲರೂ ನಕ್ಕೆವು.

ಬೆಳಿಗ್ಗೆ ಕೈಮರ ಚೆಕ್‌ಪೋಸ್ಟ್ ದಾಟಿ ಮುಳ್ಳಯ್ಯನಗಿರಿಗೆ ಹೋದೆವು. ಕರ್ನಾಟಕದ ಅತಿ ಎತ್ತರದ ಶಿಖರ. ಮೇಲೆ ಮಂಜು, ಏನೂ ಕಾಣಲಿಲ್ಲ. ಮೆಟ್ಟಿಲಿನ ತುಂಬ ಸೆಲ್ಫಿಯವರು. ಜಾಸ್ತಿ ಹೊತ್ತು ಇರಲಿಲ್ಲ.

ಇಳಿಯುತ್ತಾ ಮಾತು ಮತ್ತೆ 2019ಕ್ಕೆ ಬಂತು. ಆ ಸಲ ಇಡೀ ದೇಶದಲ್ಲಿ ಲೋಕಸಭೆಗೆ ಗೆದ್ದ ಪಕ್ಷೇತರರು ನಾಲ್ಕೇ ಜನ. ಅದರಲ್ಲಿ ಇಬ್ಬರು ಸಿನಿಮಾ ನಟಿಯರು. ಒಬ್ಬರು ಸುಮಲತಾ, ಇನ್ನೊಬ್ಬರು ಮಹಾರಾಷ್ಟ್ರದ ಅಮರಾವತಿಯ ನವನೀತ್ ರಾಣಾ. ರಾಣಾಗೆ ಎನ್‌ಸಿಪಿ ಬೆಂಬಲ ಇತ್ತು. ಪಕ್ಷೇತರರಾಗಿ ಗೆದ್ದವರು ಆಮೇಲೆ ಯಾವುದಾದರೂ ಪಕ್ಷ ಸೇರಿದರೆ ಸಂಸದ ಸ್ಥಾನವೇ ಹೋಗುತ್ತದೆ, ಪಕ್ಷಾಂತರ ಕಾನೂನು ಹಾಗಿದೆ. ಹಾಗಾಗಿ ಅವಧಿ ಮುಗಿಯುವ ಹೊತ್ತಿಗೆ, 2024ರಲ್ಲಿ, ಇಬ್ಬರೂ ಬಿಜೆಪಿ ಸೇರಿದರು. ರಾಣಾ ಟಿಕೆಟ್ ಪಡೆದು ಸೋತರು. ಸುಮಲತಾಗೆ ಟಿಕೆಟ್ಟೇ ಸಿಗಲಿಲ್ಲ. ಈ ಸಲ ಬಿಜೆಪಿ-ಜೆಡಿಎಸ್ ಮೈತ್ರಿ, ಮಂಡ್ಯ ಜೆಡಿಎಸ್ ಪಾಲಾಯಿತು. ಗೆದ್ದಿದ್ದು ನಿಖಿಲ್ ತಂದೆ ಕುಮಾರಸ್ವಾಮಿ.

ವಾಪಸ್ ಬರುವಾಗ ಕಡೂರಿನ ದಾರಿ ಹಿಡಿದೆವು. ಕಡೂರು ಚಿಕ್ಕಮಗಳೂರು ಜಿಲ್ಲೆಯದು, ಆದರೆ ಲೋಕಸಭೆಗೆ ವೋಟು ಹಾಕುವುದು ಹಾಸನ ಕ್ಷೇತ್ರಕ್ಕೆ. ಚಿಕ್ಕಮಗಳೂರು ಪೇಟೆಯವರು ಉಡುಪಿ ಜೊತೆ. ತರೀಕೆರೆಯ ಬಯಲಿನಿಂದ ಘಟ್ಟ ಇಳಿದು ಕುಂದಾಪುರದ ಕಡಲವರೆಗೆ ಒಂದೇ ಕ್ಷೇತ್ರ. ಇಂಥ ಕಡೆ ಪಕ್ಷ ಇಲ್ಲದ ಒಬ್ಬ ನಟ ನಿಂತರೆ ಏನು ಗತಿ ಅಂತ ಕಡೂರಿನ ಚಹಾ ಅಂಗಡಿಯವರನ್ನು ಕೇಳಿದೆ.

"ನಿಲ್ಲಲಿ ಬಿಡಿ ಸಾರ್, ನೋಡೋಕೆ ನಾನೇ ಅಂಗಡಿ ಮುಚ್ಚಿ ಹೋಗ್ತೀನಿ. ಆದ್ರೆ ಸಾವಿರಾರು ಬೂತಲ್ಲಿ ಏಜೆಂಟ್ ಆಗಿ ಕೂರೋರು ಯಾರು?"

"ಅಭಿಮಾನಿ ಸಂಘದವರು?" ಅಂದ ಗೆಳೆಯ.

"ನಮ್ಮ ಹುಡುಗನೂ ಸಂಘದಲ್ಲಿದಾನೆ. ಕೂರ್ತಾನೆ. ಮಧ್ಯಾಹ್ನ ಊಟ ಮಾತ್ರ ಬರಬೇಕು" ಅಂತ ಹೇಳಿ, ನಮ್ಮ ಎರಡು ಚಹಾದ ದುಡ್ಡು ತಗೊಂಡರು.